ಗೇರಿನ ಸನ್ನೆ: ದೋಷ, ನಿದಾನ, ಪರಿಹಾರ

ಕನ್ನಡದಲ್ಲಿ ‘ಸನ್ನೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಣ್ಣಿನಿಂದಲೋ ಕೈಯಿಂದಲೋ ಮಾಡುವ ಸಂಕೇತ ಒಂದು. ಭಾರವಾದ ಕಲ್ಲನ್ನು ಮೀಟಿ ಎಬ್ಬಿಸುವ ಕೋಲು, ಅಂದರೆ ಸನ್ನೆಗೋಲು, ಇನ್ನೊಂದು. ಮೊದಲನೆಯದು ಸಂಸ್ಕೃತದ ‘ಸಂಜ್ಞಾ’ ಶಬ್ದದ ತದ್ಭವವೆಂಬುದು ವಿದ್ಯಾರ್ಥಿಗಳಿಗೂ ತಿಳಿದ ವಿಷಯ. ಓಟದ ಸೈಕಲ್ಲಿನ ಬಾಗಿದ ಹ್ಯಾಂಡಲ್ಲಿನ ಮೇಲೆ, ಬ್ರೇಕಿನೊಡನೆ ಒಂದಾಗಿ ಕೂಡಿಕೊಂಡಿರುವ ಗೇರಿನ ಸಾಧನಕ್ಕೆ ಈ ಎರಡೂ ಅರ್ಥಗಳು ಚೆನ್ನಾಗಿ ಒಪ್ಪುತ್ತವೆ. ಅದು ಬೆರಳಿನಿಂದ ಮೀಟುವ ಕೋಲೂ ಹೌದು; ಮುಂದಿನ ಕೈಯಿಂದ ಹಿಂದಿನ ಗಾಲಿಗೆ ಹೋಗುವ ಸಂಕೇತವೂ ಹೌದು. ಮೆಕ್ಯಾನಿಕರು ಅದನ್ನು ಶಿಫ್ಟರ್ ಎಂದೂ ಗೇರ್ ಲಿವರ್ ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ ಸನ್ನೆ ಎಂದೇ ಹೇಳಲಾಗಿದೆ.

ಈ ಸನ್ನೆ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಎಷ್ಟೋ ಒಳ್ಳೆಯ ಸೈಕಲ್ಲುಗಳು ಉಗ್ರಾಣದ ಮೂಲೆ ಸೇರುತ್ತವೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೆ ಇದು ಹೊರಗಿನ ವಿಷಯವಲ್ಲ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಸೀಮೆ ಸೈಕಲ್ ಪಟುಗಳ ತವರೆಂದು ಹೆಸರಾದುದು. ಒಕ್ಕಲುತನದ, ಕೂಲಿಯ ಮನೆತನಗಳಿಂದ ಬಂದ ಇಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕಗಳನ್ನು ತಂದಿದ್ದಾರೆ. ಅವರಲ್ಲಿ ಅನೇಕರು ಅಭ್ಯಾಸವನ್ನು ಆರಂಭಿಸುವುದು ಹೊಸ ಸೈಕಲ್ಲಿನ ಮೇಲಲ್ಲ. ಹಿರಿಯ ಪಟುಗಳು ಬಳಸಿ ಬಿಟ್ಟ ಅಥವಾ ದಾನಿಗಳು ಕೊಡಿಸಿದ, ಹತ್ತು ಹದಿನೈದು ವರ್ಷ ಸವೆದ ಸೈಕಲ್ಲಿನ ಮೇಲೆ. ಒಂದು ದಿನ ಸನ್ನೆಯನ್ನು ಎಷ್ಟು ಒತ್ತಿದರೂ ಗೇರು ಬೀಳುವುದಿಲ್ಲ. ಅಂಗಡಿಗೆ ಒಯ್ದರೆ “ಲಿವರ್ ಹೋಗಿದೆ, ಹೊಸದು ಹಾಕಬೇಕು” ಎಂಬ ಮಾತು ಬರುತ್ತದೆ. ಹೊಸದಕ್ಕೆ ಸಾವಿರಾರು ರೂಪಾಯಿ ಬೇಕು. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಹಿಂದೆ ಒಂಬತ್ತು ಹಲ್ಲುಗಾಲಿಗಳಿರುವ ಹಳೆಯ ಸೈಕಲ್ಲಿಗೆ ಹನ್ನೊಂದರ ಸನ್ನೆ ಹೊಂದುವುದಿಲ್ಲ. ಅದನ್ನೇ ಹಾಕಬೇಕೆಂದರೆ ಹಲ್ಲುಗಾಲಿಗಳ ಗೊಂಚಲು, ಚೈನು, ಚೈನನ್ನು ಸರಿಸುವ ಡಿರೇಲರ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಹೊಲದ ಕೂಲಿಯಿಂದ ಮಗಳನ್ನು ಓದಿಸುತ್ತಿರುವ ತಂದೆ ಈ ಲೆಕ್ಕವನ್ನು ಕೇಳಿ ಸೈಕಲ್ಲಿನ ಗೊಡವೆಯೇ ಬೇಡವೆಂದರೆ ಅವನನ್ನು ಆಕ್ಷೇಪಿಸುವುದು ಹೇಗೆ?

ಆದರೆ ‘ಹೋಯಿತು’ ಎಂದು ತೀರ್ಮಾನವಾದ ಸನ್ನೆಗಳಲ್ಲಿ ಬಹಳಷ್ಟು ನಿಜವಾಗಿ ಹೋಗಿರುವುದಿಲ್ಲ. ಒಳಗಿನ ಗ್ರೀಸು ಒಣಗಿ, ಧೂಳಿನೊಡನೆ ಬೆರೆತು, ಅಂಟಿನಂತಾಗಿ ಅವು ಮೂರ್ಛೆಗೊಂಡಿರುತ್ತವೆ. ಅವುಗಳಿಗೆ ಬೇಕಾದುದು ಬದಲಾವಣೆಯಲ್ಲ, ಸ್ನಾನ.

ಇದು ತಿಳಿಯಬೇಕಾದರೆ ಗೇರಿನ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ನಮ್ಮ ಹಳ್ಳಿಗಳ ಹಳೆಯ ಕರಿಯ ಸೈಕಲ್ಲಿಗೆ ಹಿಂದೆ ಒಂದೇ ಹಲ್ಲುಗಾಲಿ. ಏರಿರಲಿ ಇಳುಕಲಿರಲಿ, ತುಳಿಯುವವನ ಕಾಲೇ ಎಲ್ಲಕ್ಕೂ ಹೊಣೆ. ಓಟದ ಸೈಕಲ್ಲಿನಲ್ಲಿ ಮುಂದೆ ಎರಡು, ಹಿಂದೆ ಎಂಟರಿಂದ ಹನ್ನೆರಡರವರೆಗೆ ಹಲ್ಲುಗಾಲಿಗಳಿರುತ್ತವೆ. ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇರುವಲ್ಲಿ ಚೈನು ಕೂತಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಎರಡೂವರೆ ಮೀಟರ್ ಮಾತ್ರ ಸಾಗುತ್ತದೆ. ಏರಿನಲ್ಲಿ ಇದೇ ಹಗುರ. ಮುಂದೆ 50, ಹಿಂದೆ 11 ಆದರೆ ಅದೇ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್ ಸಾಗುತ್ತದೆ. ಸನ್ನೆ ಕೆಟ್ಟು ಚೈನು ಅತಿ ಸಣ್ಣ ಹಲ್ಲುಗಾಲಿಯಲ್ಲಿಯೇ ನಿಂತುಬಿಟ್ಟರೆ ಆ ಸೈಕಲ್ಲಿನಿಂದ ಏರು ಹತ್ತುವುದು ಮೊಣಕಾಲಿಗೆ ಶಿಕ್ಷೆ.

ಚೈನನ್ನು ಒಂದು ಹಲ್ಲುಗಾಲಿಯಿಂದ ಮತ್ತೊಂದಕ್ಕೆ ಸರಿಸುವ ಡಿರೇಲರ್ ಎಂಬ ಹೆಸರು ಫ್ರೆಂಚ್ ಭಾಷೆಯದು; ಹಳಿ ತಪ್ಪಿಸುವುದು ಎಂದು ಅರ್ಥ. ರೈಲಿನಲ್ಲಿ ಅಪಘಾತವೆನಿಸುವುದನ್ನು ಇಲ್ಲಿ ಬೇಕೆಂದೇ, ಕ್ರಮವಾಗಿ ಮಾಡಿಸಲಾಗುತ್ತದೆ. ಫ್ರಾನ್ಸಿನ ಸೇಂತ್-ಎತಿಯೆನ್ ಪಟ್ಟಣದ ಪಾಲ್ ದ ವಿವೀ (1853–1930) ಎಂಬವರು ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದ ತಮ್ಮ ಪತ್ರಿಕೆಯಲ್ಲಿ ಗೇರುಗಳ ಪರವಾಗಿ ದಶಕಗಳ ಕಾಲ ವಾದಿಸಿದರು. ಅದಕ್ಕೆ ಎದುರಾಗಿ, 1903ರಲ್ಲಿ ‘ಟೂರ್ ದ ಫ್ರಾನ್ಸ್’ ಎಂಬ ಮಹಾಸ್ಪರ್ಧೆಯನ್ನು ಆರಂಭಿಸಿದ ಆಂರಿ ದೆಗ್ರಾಂಜ್ ಅವರಿಗೆ ಗೇರೆಂದರೆ ಆಗದು. ಅದು ಮುದುಕರಿಗೆ ತಕ್ಕದ್ದೆಂಬುದು ಅವರ ಭಾವನೆ. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅಲ್ಲಿಯವರೆಗೆ ಮಹಾ ಪಟುಗಳು ಕೂಡ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಮಗ್ಗುಲು ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಆ ಮೇಲೆ ಬಂದ ಸನ್ನೆಗಳಿಗೂ ಬಹುಕಾಲ ಮೆಟ್ಟಿಲುಗಳಿರಲಿಲ್ಲ. ಸವಾರನು ಸನ್ನೆಯನ್ನು ಅಂದಾಜಿನಿಂದ ಎಳೆದು, ಚೈನಿನ ಸದ್ದನ್ನು ಕಿವಿಗೊಟ್ಟು ಕೇಳಿ, ಸರಿಯಾದ ಸ್ಥಾನದಲ್ಲಿ ನಿಲ್ಲಿಸಬೇಕಾಗಿತ್ತು. ಇದು ಪಿಟೀಲಿನಂತೆ; ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. ಜಪಾನಿನ ಸಾಕಾಯಿ ನಗರದ ಶಿಮಾನೊ ಸಂಸ್ಥೆ 1984ರಲ್ಲಿ ಮೆಟ್ಟಿಲುಗಳುಳ್ಳ ಸನ್ನೆಯನ್ನು ಹೊರತಂದಿತು. ಇದು ವೀಣೆಯಂತೆ, ಮೆಟ್ಟುಗಳು ಮೊದಲೇ ಕಟ್ಟಿರುತ್ತವೆ, ‘ಟಿಕ್’ ಎಂಬ ಒಂದು ಸದ್ದಿಗೆ ಒಂದು ಗೇರು. 1990ರಲ್ಲಿ ಅದೇ ಸಂಸ್ಥೆ ಸನ್ನೆಯನ್ನು ಬ್ರೇಕಿನ ಹಿಡಿಯೊಳಗೇ ಅಡಗಿಸಿತು. ಸವಾರನು ಹ್ಯಾಂಡಲ್ಲಿನಿಂದ ಕೈ ತೆಗೆಯುವ ಅಗತ್ಯ ತಪ್ಪಿತು. ಸೌಕರ್ಯವೇನೋ ಹೆಚ್ಚಿತು, ಆದರೆ ಕಣ್ಣಿಗೆ ಕಾಣುತ್ತಿದ್ದ ಯಂತ್ರ ಒಳಮನೆ ಸೇರಿತು. ಕಾಣದ್ದು ಕೆಟ್ಟಾಗ ರಿಪೇರಿಗಿಂತ ಬದಲಾವಣೆಯೇ ಸುಲಭವೆಂದು ತೋರುವುದು ಸಹಜ.

ಒಳಮನೆಯಲ್ಲಿ ಇರುವುದಾದರೂ ಏನು? ಕೇಬಲ್ಲನ್ನು ಸುತ್ತಿಕೊಳ್ಳುವ ಒಂದು ಪುಟ್ಟ ಉರುಳೆ. ಅದಕ್ಕೆ ಅಂಟಿದ ಹಲ್ಲಿನ ಬಿಲ್ಲೆ. ಆ ಹಲ್ಲುಗಳಿಗೆ ಸಿಕ್ಕುವ ಉಕ್ಕಿನ ಸಣ್ಣ ಕೊಕ್ಕೆಗಳು. ಕೊಕ್ಕೆಗಳನ್ನು ಹಲ್ಲಿನತ್ತ ದೂಡುವ, ಕೂದಲಿನಂತೆ ತೆಳ್ಳಗಿನ ಸ್ಪ್ರಿಂಗುಗಳು. ಇಳಕಲ್ಲು, ಗುಳೇದಗುಡ್ಡಗಳ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೈಮಗ್ಗದಲ್ಲಿ ನೆಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ಹಿಂದಕ್ಕೆ ತಿರುಗದಂತೆ ಹಲ್ಲುಗಾಲಿಗೆ ಸಿಕ್ಕಿಸುವ ತಡೆಯ ತತ್ತ್ವವೇ ಇಲ್ಲಿಯೂ ಇದೆ. ಶಿಮಾನೊ ಮಾದರಿಯ ಬಲಗೈ ಸನ್ನೆಯಲ್ಲಿ ಬ್ರೇಕಿನ ಉದ್ದನೆಯ ಅಲಗನ್ನೇ ಒಳಕ್ಕೆ ದೂಡಿದರೆ ಒಂದು ಕೊಕ್ಕೆ ಬಿಲ್ಲೆಯ ಹಲ್ಲನ್ನು ಹಿಡಿದು ಉರುಳೆಯನ್ನು ತಿರುಗಿಸುತ್ತದೆ. ಕೇಬಲ್ಲು ಎಳೆಯಲ್ಪಟ್ಟು ಚೈನು ದೊಡ್ಡ ಹಲ್ಲುಗಾಲಿಗೆ ಏರುತ್ತದೆ. ತಿರುಗಿದ ಉರುಳೆ ಮರಳದಂತೆ ಇನ್ನೊಂದು ಕೊಕ್ಕೆ ಕಾಯುತ್ತದೆ. ಹಿಂದಿರುವ ಸಣ್ಣ ಅಲಗನ್ನು ಒತ್ತಿದರೆ ಈ ಕಾವಲಿನ ಕೊಕ್ಕೆ ಒಂದೇ ಒಂದು ಹಲ್ಲಿನಷ್ಟು ಬಿಟ್ಟುಕೊಡುತ್ತದೆ. ಡಿರೇಲರಿನ ಸ್ಪ್ರಿಂಗು ಚೈನನ್ನು ಸಣ್ಣ ಹಲ್ಲುಗಾಲಿಗೆ ಇಳಿಸುತ್ತದೆ.

ಇಲ್ಲಿಯ ಅಳತೆ ಬಹಳ ಸೂಕ್ಷ್ಮ. ಹತ್ತು ಹಲ್ಲುಗಾಲಿಗಳ ಶಿಮಾನೊ ವ್ಯವಸ್ಥೆಯಲ್ಲಿ ಒಂದು ಸದ್ದಿಗೆ ಕೇಬಲ್ಲು ಸರಿಯುವುದು ಸುಮಾರು 2.3 ಮಿಲಿಮೀಟರ್. ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಹೆಚ್ಚಿಸಿ, ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕಿರುವ ನಾಲ್ಕು ಮಿಲಿಮೀಟರಿಗೆ ಹತ್ತಿರದ ಅಂತರವನ್ನು ದಾಟಿಸುತ್ತದೆ. ಅರ್ಧ ಮಿಲಿಮೀಟರ್ ತಪ್ಪಿದರೂ ಚೈನು ಗೊಣಗುತ್ತದೆ. ಹೀಗಿರುವಾಗ ಒಳಗಿನ ಗ್ರೀಸು ಗಟ್ಟಿಯಾದರೆ ಗತಿಯೇನು? ಕೂದಲೆಳೆಯಂಥ ಸ್ಪ್ರಿಂಗಿಗೆ ಕೊಕ್ಕೆಯನ್ನು ಹಲ್ಲಿನವರೆಗೆ ದೂಡುವ ಬಲ ಸಾಲದು. ಎಳೆಯುವ ಕೊಕ್ಕೆ ಅಂಟಿಕೊಂಡರೆ ದೊಡ್ಡ ಅಲಗು ಯಾವ ತಡೆಯೂ ಇಲ್ಲದೆ, ಸದ್ದೂ ಇಲ್ಲದೆ ಒಳಕ್ಕೆ ಹೋಗಿ ಬರುತ್ತದೆ. ಚೈನು ಇದ್ದಲ್ಲಿಯೇ ಇರುತ್ತದೆ. ಕಾವಲಿನ ಕೊಕ್ಕೆ ಅಂಟಿಕೊಂಡರೆ ಚೈನು ಏರುತ್ತದೆ, ಆದರೆ ಬೆರಳು ತೆಗೆದೊಡನೆ ಮರಳಿ ಬೀಳುತ್ತದೆ. ಈ ಎರಡು ಲಕ್ಷಣಗಳನ್ನು ಕಂಡವರು ಒಳಗೆ ಏನೋ ಮುರಿದಿದೆ ಎಂದು ಭಾವಿಸುತ್ತಾರೆ. ಬಹುಪಾಲು ಏನೂ ಮುರಿದಿರುವುದಿಲ್ಲ.

ಆದರೂ ಸನ್ನೆಯನ್ನೇ ಮೊದಲು ದೂರುವುದು ಸರಿಯಲ್ಲ. ಆಯುರ್ವೇದದಲ್ಲಿ ರೋಗಮೂಲವನ್ನು ಅರಿಯುವ ಕ್ರಮಕ್ಕೆ ‘ನಿದಾನ’ ಎನ್ನುತ್ತಾರೆ. ಅಲ್ಪಪ್ರಾಣದ ನಿದಾನಕ್ಕೂ ಮಹಾಪ್ರಾಣದ ‘ನಿಧಾನ’ಕ್ಕೂ ಬರವಣಿಗೆಯಲ್ಲಿ ಗೊಂದಲ ಮಾಡುವ ವಿದ್ಯಾರ್ಥಿಗಳು ಬಹಳ, ಸೈಕಲ್ಲಿನ ಮಟ್ಟಿಗೆ ಎರಡೂ ಬೇಕು. ಮೊದಲು ಸೈಕಲ್ಲಿನ ಹಿಂದೆ ನಿಂತು ನೋಡಬೇಕು. ಡಿರೇಲರಿನ ಎರಡು ಪುಟ್ಟ ಗಾಲಿಗಳೂ ಮೇಲಿನ ಹಲ್ಲುಗಾಲಿಯೂ ಒಂದೇ ನೇರದಲ್ಲಿರಬೇಕು. ಸೈಕಲ್ಲು ಬಲಮಗ್ಗುಲಿಗೆ ಬಿದ್ದಿದ್ದರೆ ಡಿರೇಲರ್ ತೂಗುವ ಕಿವಿ ಒಳಕ್ಕೆ ಬಾಗಿರುತ್ತದೆ. ಆಗ ಸನ್ನೆಗೆ ಎಷ್ಟು ಉಪಚಾರ ಮಾಡಿದರೂ ವ್ಯರ್ಥ. ಅದು ನೇರವಿದ್ದರೆ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಒಬ್ಬರು ಪೆಡಲ್ ತಿರುಗಿಸುತ್ತಿರುವಾಗ, ಚೌಕಟ್ಟಿನ ಕೆಳಗೆ ಹೊರಗೆ ಕಾಣುವ ಕೇಬಲ್ಲನ್ನು ಕೈಯಿಂದ ಮೆಲ್ಲಗೆ ಎಳೆಯಬೇಕು. ಚೈನು ದೊಡ್ಡ ಹಲ್ಲುಗಾಲಿಗಳಿಗೆ ಏರಿ, ಬಿಟ್ಟೊಡನೆ ಸಲೀಸಾಗಿ ಇಳಿದರೆ ಡಿರೇಲರ್ ನಿರ್ದೋಷಿ. ಇನ್ನು ಉಳಿದದ್ದು ಕೇಬಲ್ಲು ಮತ್ತು ಸನ್ನೆ. ಡಿರೇಲರಿನ ಬಳಿ ಕೇಬಲ್ಲನ್ನು ಕಚ್ಚಿ ಹಿಡಿದಿರುವ ಬೋಲ್ಟನ್ನು ಸಡಿಲಿಸಿ, ಕೇಬಲ್ಲಿನ ತುದಿಯನ್ನು ಇಕ್ಕಳದಿಂದ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡು ಸನ್ನೆಯನ್ನು ಒತ್ತಬೇಕು. ಪ್ರತಿಯೊಂದು ಸದ್ದಿಗೂ ಕೇಬಲ್ಲು ಸಮಸಮನಾಗಿ ಸರಿದರೆ ಸನ್ನೆ ಆರೋಗ್ಯವಾಗಿದೆ. ಸದ್ದೇ ಇಲ್ಲದಿದ್ದರೆ ರೋಗ ಅಲ್ಲಿಯೇ ಇದೆ.

ಸನ್ನೆಯು ಸರಿಯಾಗಿ ಸದ್ದು ಮಾಡುತ್ತಿದ್ದು ಗೇರು ಮಾತ್ರ ತಡವಾಗಿ ಬೀಳುತ್ತಿದ್ದರೆ ಅದು ವೀಣೆಯ ತಂತಿ ಸಡಿಲಾದಂತೆ. ಮೆಟ್ಟುಗಳು ಸರಿಯಿದ್ದರೂ ಎಲ್ಲ ಸ್ವರಗಳೂ ಅಪಸ್ವರ. ಡಿರೇಲರಿಗೆ ಕೇಬಲ್ಲು ಪ್ರವೇಶಿಸುವಲ್ಲಿ ಬೆರಳಿನಿಂದ ತಿರುಗಿಸುವ ಒಂದು ಬಿರಡೆಯುಂಟು. ಚೈನು ದೊಡ್ಡ ಹಲ್ಲುಗಾಲಿಗೆ ಏರಲು ತಡೆದರೆ, ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಬೇಕು. ಇಳಿಯಲು ತಡೆದರೆ ಮುಳ್ಳಿನ ದಿಕ್ಕಿಗೆ. ಹತ್ತಿರವೇ ಇರುವ ‘ಎಚ್’ ಮತ್ತು ‘ಎಲ್’ ಗುರುತಿನ ಎರಡು ತಿರುಪುಗಳನ್ನು ಮುಟ್ಟಬಾರದು. ಅವು ಚೈನು ಎರಡೂ ಕೊನೆಗಳನ್ನು ದಾಟದಂತೆ ಕಾಯುವ ಎಲ್ಲೆಗಳು. ಗೇರು ಸರಿಯಿಲ್ಲವೆಂದು ಮೊದಲು ಇವುಗಳ ಮೇಲೇ ಸ್ಕ್ರೂಡ್ರೈವರ್ ಹಾಕುವ ಅಭ್ಯಾಸ ಅನೇಕ ಅಂಗಡಿಗಳಲ್ಲಿದೆ. ಅದರ ಫಲವಾಗಿ ಚೈನು ಸ್ಪೋಕುಗಳೊಳಗೆ ನುಗ್ಗಿ ಗಾಲಿಯೇ ಹಾಳಾಗುವುದುಂಟು.

ಇನ್ನು ಸ್ನಾನದ ವಿಧಾನ. ಸಣ್ಣ ಅಲಗನ್ನು ಒತ್ತೊತ್ತಿ ಚೈನನ್ನು ಅತಿ ಸಣ್ಣ ಹಲ್ಲುಗಾಲಿಗೆ ಇಳಿಸಿದರೆ ಕೇಬಲ್ಲು ಸಡಿಲವಾಗುತ್ತದೆ. ಹಿಡಿಯ ಮೇಲಿನ ರಬ್ಬರಿನ ಕವಚವನ್ನು ಹರಿಯದಂತೆ ಹಿಂದಕ್ಕೆ ಮಡಚಬೇಕು. ಬ್ರೇಕಿನ ಅಲಗನ್ನು ಹಿಡಿದರೆ ಒಳಯಂತ್ರದ ಸಂದುಗಳು ಕಾಣುತ್ತವೆ. ಡಬ್ಲ್ಯು.ಡಿ. 40ರಂತಹ, ಗ್ರೀಸನ್ನು ಕರಗಿಸುವ ತೆಳು ಎಣ್ಣೆಯನ್ನು ಅದರ ಉದ್ದನೆಯ ನಳಿಕೆಯಿಂದ ಆ ಸಂದುಗಳಿಗೆ ಧಾರಾಳವಾಗಿ ಹಾಯಿಸಬೇಕು. ಕೆಳಗೆ ಹಳೆಯ ಬಟ್ಟೆ ಹಿಡಿದಿರಬೇಕು; ಮುಂದಿನ ಗಾಲಿಯ ಅಂಚಿಗಾಗಲಿ ಬ್ರೇಕಿನ ರಬ್ಬರಿಗಾಗಲಿ, ಡಿಸ್ಕ್ ಬ್ರೇಕಾದರೆ ಅದರ ಬಿಲ್ಲೆಗಾಗಲಿ ಒಂದು ಹನಿಯೂ ತಾಗಬಾರದು. ತಾಗಿದರೆ ಬ್ರೇಕು ಹಿಡಿಯದು. ಪೆಟ್ರೋಲನ್ನು ಬಳಸಲೇಬಾರದು, ಬೆಂಕಿಯ ಭಯ ಒಂದು ಕಡೆ, ಒಳಗಿನ ಪ್ಲಾಸ್ಟಿಕ್ಕು ರಬ್ಬರುಗಳು ಕೆಡುವುದು ಇನ್ನೊಂದು ಕಡೆ.

ಎಣ್ಣೆ ಹಾಯಿಸಿದ ಮೇಲೆ ಎರಡೂ ಅಲಗುಗಳನ್ನು ಐವತ್ತು ಅರುವತ್ತು ಸಲ ಆಡಿಸಬೇಕು. ಮೊದಮೊದಲು ಏನೂ ಆಗುವುದಿಲ್ಲ. ಅಲ್ಲಿಗೆ ಕೈಬಿಡುವವರೇ ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣ್ಣೆ ಹಾಯಿಸಿ, ಮತ್ತೆ ಆಡಿಸಬೇಕು. ಎರೆಮಣ್ಣಿನ ಧೂಳಿನೊಡನೆ ಬೆರೆತ ಕಪ್ಪು ರಸ ಸಂದಿನಿಂದ ಇಳಿಯತೊಡಗಿದರೆ ಕೆಲಸ ಸಾಗುತ್ತಿದೆ ಎಂದು ತಿಳಿಯಬೇಕು. ಹಟಮಾರಿ ಸನ್ನೆಯಾದರೆ ಒಂದು ರಾತ್ರಿ ನೆನೆಯಲು ಬಿಟ್ಟು ಮರುದಿನ ಬೆಳಿಗ್ಗೆ ಮುಂದುವರಿಸುವುದು ಲೇಸು. ಮೊದಲು ಹತ್ತಕ್ಕೊಂದು ಸಲ, ಆಮೇಲೆ ಎರಡಕ್ಕೊಂದು ಸಲ ಕೊಕ್ಕೆ ಹಿಡಿಯುತ್ತದೆ. ಕೊನೆಗೆ ಪ್ರತಿಸಲವೂ ಸ್ಪಷ್ಟವಾಗಿ ‘ಟಿಕ್’ ಎನ್ನುತ್ತದೆ. ಇಳಿಯುವ ರಸ ತಿಳಿಯಾಗುವವರೆಗೆ ತೊಳೆದು, ಒರೆಸಿ, ಆರಲು ಬಿಡಬೇಕು. ಇಷ್ಟಕ್ಕೆ ನಿಲ್ಲಿಸಿದರೆ ಕೆಲಸ ಅರ್ಧವೇ ಆಯಿತು. ಕರಗಿಸುವ ಎಣ್ಣೆ ಬಹುಕಾಲ ನಿಲ್ಲುವಂಥದಲ್ಲ. ಅದು ಆರಿದ ಮೇಲೆ ಲೋಹಕ್ಕೆ ಲೋಹ ಉಜ್ಜುತ್ತದೆ. ಆದುದರಿಂದ ಒಳ್ಳೆಯ ತೆಳು ಯಂತ್ರತೈಲವನ್ನೋ ಸಿಂಪಡಿಸುವಂಥ ತೆಳುವಾದ ಗ್ರೀಸನ್ನೋ ಮಿತವಾಗಿ ಒಳಗೆ ಬಿಡಬೇಕು. ಸನ್ನೆಯನ್ನು ಬಿಚ್ಚಿ ಬಿಡಿಭಾಗಗಳನ್ನು ಹರಡುವ ಸಾಹಸಕ್ಕೆ ಮಾತ್ರ ಕೈಹಾಕಬಾರದು. ಇಟಲಿಯ ಕಂಪಾನ್ಯೋಲೊ ಸಂಸ್ಥೆಯ ಹಳೆಯ ಸನ್ನೆಗಳನ್ನು ಬಿಚ್ಚಿ ಜೋಡಿಸಬಹುದು. ಶಿಮಾನೊ ಮಾದರಿಯವು ಅದಕ್ಕಾಗಿ ಮಾಡಿದವಲ್ಲ. ಒಮ್ಮೆ ಹಾರಿದ ಸ್ಪ್ರಿಂಗು ಮತ್ತೆ ಕಣ್ಣಿಗೆ ಬೀಳುವುದು ಪುಣ್ಯವಶದಿಂದ.

ತೊಳೆಯುವಾಗಲೇ ಒಳಕೇಬಲ್ಲನ್ನೂ ಪರೀಕ್ಷಿಸುವುದು ಅವಶ್ಯ. ಕೇವಲ 1.2 ಮಿಲಿಮೀಟರ್ ದಪ್ಪದ ಈ ತಂತಿಹುರಿ ಸನ್ನೆಯೊಳಗೆ ಚೂಪಾಗಿ ಬಾಗುವಲ್ಲಿ ಎಳೆ ಎಳೆಯಾಗಿ ಕಡಿಯುತ್ತ ಹೋಗುತ್ತದೆ. ಗೇರು ಏರುವುದು ಭಾರವಾಗಿ, ಇಳಿಯುವುದು ಅನಿಶ್ಚಿತವಾದರೆ ಅದೇ ಮುನ್ಸೂಚನೆ. ಪೂರ್ತಿ ಕಡಿದರೆ ಅದರ ಗುಂಡುತಲೆ ಯಂತ್ರದೊಳಗೆ ಸಿಕ್ಕಿಕೊಂಡು ಒಳ್ಳೆಯ ಸನ್ನೆಯನ್ನೂ ಕೆಡಿಸುತ್ತದೆ. ಆದ್ದರಿಂದ ದಿನವೂ ಅಭ್ಯಾಸಮಾಡುವ ಪಟುವಿನ ಸೈಕಲ್ಲಿಗೆ ವರ್ಷಕ್ಕೊಮ್ಮೆಯಾದರೂ ಕೇಬಲ್ಲು ಬದಲಾಗಬೇಕು. ಹೊಸದನ್ನು ತೂರಿಸುವಾಗ ಸನ್ನೆ ಪೂರ್ತಿ ಸಡಿಲದ ಸ್ಥಾನದಲ್ಲಿರಬೇಕು. ಇಲ್ಲವಾದರೆ ಉರುಳೆಯ ರಂಧ್ರ ಎದುರಿಗೆ ಬರುವುದಿಲ್ಲ.

ಮೆಕ್ಯಾನಿಕರು ‘ಔಟರ್’ ಎನ್ನುವ ಹೊರಕೊಳವೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಬ್ರೇಕಿನ ಔಟರಿನಲ್ಲಿ ತಂತಿ ಸುರುಳಿ ಸುತ್ತಿರುತ್ತದೆ. ಎಳೆದಾಗ ಅದು ತುಸು ಕುಗ್ಗುತ್ತದೆ. ಬ್ರೇಕಿಗೆ ಅದರಿಂದ ಬಾಧಕವಿಲ್ಲ. ಗೇರಿನ ಔಟರಿನಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿದ್ದು ಕುಗ್ಗುವುದಿಲ್ಲ. 2.3 ಮಿಲಿಮೀಟರಿನ ಲೆಕ್ಕ ಇರುವಲ್ಲಿ ಬ್ರೇಕಿನ ಔಟರನ್ನು ಹಾಕಿದರೆ ಯಾವ ಸನ್ನೆಯೂ ಸರಿಯಾಗಿ ಕೆಲಸ ಮಾಡದು. ಸಣ್ಣ ಊರುಗಳಲ್ಲಿ ‘ಕೈಗೆ ಸಿಕ್ಕದ್ದು’ ಎಂದು ಇದನ್ನು ಹಾಕಿರುವುದು ಹೇರಳ. ಇದರ ವಿಪರ್ಯಾಸ ಇನ್ನೂ ಘೋರ. ಗೇರಿನ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಅದು ಸೀಳಿ, ಬ್ರೇಕೇ ಇಲ್ಲವಾಗಬಹುದು.

ಇಷ್ಟಕ್ಕೆಲ್ಲ ಬೇಕಾಗುವ ಸಾಮಗ್ರಿ ಹೆಚ್ಚಿನದಲ್ಲ. ಅಲೆನ್ ಕೀಗಳ ಒಂದು ಕಟ್ಟು, ಕೇಬಲ್ಲನ್ನು ಜಜ್ಜದೆ ಕತ್ತರಿಸುವ ಹರಿತವಾದ ಇಕ್ಕಳ, ಎರಡು ಬಗೆಯ ಎಣ್ಣೆ, ನಾಲ್ಕು ಕೇಬಲ್ಲು, ಒಂದಿಷ್ಟು ಗೇರಿನ ಔಟರ್. ಒಂದು ಹೊಸ ಸನ್ನೆಯ ಬೆಲೆಗಿಂತ ಕಡಿಮೆ ಹಣದಲ್ಲಿ ಇವು ಒಂದು ಶಾಲೆಯ ದೈಹಿಕ ಶಿಕ್ಷಕರ ಕಪಾಟನ್ನು ತುಂಬುತ್ತವೆ. ದಾನಿಗಳು ಸೈಕಲ್ಲು ಅರ್ಪಿಸುವ ದಿನ ಹಾರ, ಭಾಷಣ, ಭಾವಚಿತ್ರ ಎಲ್ಲ ನಡೆಯುತ್ತವೆ. ಮರುವರ್ಷದ ಕೇಬಲ್ಲಿಗೆ ಹೊಣೆಗಾರರು ಯಾರೂ ಇರುವುದಿಲ್ಲ. ದಾಸೋಹವೆಂಬುದು ಒಂದು ದಿನದ ಪಂಕ್ತಿಯಲ್ಲವೆಂದು ಬಲ್ಲ ಪರಂಪರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈಕಲ್ಲಿನ ಜೊತೆಗೆ ಮೂರು ವರ್ಷಗಳ ಕೇಬಲ್ಲು, ಎಣ್ಣೆಗಳನ್ನೂ ಕೊಟ್ಟರೆ ದಾನವು ರಸ್ತೆಯ ಮೇಲೆಯೇ ಉಳಿಯುತ್ತದೆ. ಸನ್ನೆ ತೊಳೆಯುವುದನ್ನು ಒಂಬತ್ತನೆಯ ತರಗತಿಯ ಹುಡುಗರೂ ಹುಡುಗಿಯರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಬೇಸಿಗೆಯ ರಜೆಗೆ ಸೈಕಲ್ಲುಗಳನ್ನು ಒಳಗಿಡುವ ಮೊದಲು ಚೈನನ್ನು ಅತಿ ಸಣ್ಣ ಹಲ್ಲುಗಾಲಿಗೆ ಇಳಿಸಿ, ಸನ್ನೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಜೂನಿನಲ್ಲಿ ಹೊರತೆಗೆದೊಡನೆ ಹತ್ತಾರು ಸಲ ಆಡಿಸಿದರೆ ಅಂಟು ಕಟ್ಟುವ ಸಂಭವವೇ ಕಡಿಮೆ.

ಹೀಗೆ ಮೂರು ನಾಲ್ಕು ಸಲ ತೊಳೆದರೂ ಸನ್ನೆ ಎಚ್ಚರಗೊಳ್ಳದಿದ್ದರೆ ಆಗ ಮಾತ್ರ ಒಳಗಿನ ಹಲ್ಲು ಸವೆದಿದೆ ಅಥವಾ ಸ್ಪ್ರಿಂಗು ಮುರಿದಿದೆ ಎಂದು ನಂಬಬೇಕು. ಆಗಲೂ ಜೋಡಿಯನ್ನೇ ಕೊಳ್ಳಬೇಕಾಗಿಲ್ಲ. ಬಲಗೈಯದನ್ನು ಮಾತ್ರ, ಅದೇ ಸಂಖ್ಯೆಯ ಗೇರಿನದನ್ನು, ಬಳಸಿದ್ದಾದರೂ ಸರಿ, ಹುಡುಕಬಹುದು. ಅದೂ ಸಿಗದಿದ್ದರೆ ಹಳೆಯ ಕಾಲದ ಉಪಾಯವೊಂದಿದೆ. ಉಕ್ಕಿನ ದುಂಡು ಕೊಳವೆಯ ಚೌಕಟ್ಟಿಗೆ ಪಟ್ಟಿಯಿಂದ ಬಿಗಿಯುವ, ಮೆಟ್ಟಿಲುಗಳಿಲ್ಲದ ಸರಳ ಸನ್ನೆಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಮೆಟ್ಟಿಲುಗಳೇ ಇಲ್ಲದ ಕಾರಣ ಹಿಂದೆ ಎಂಟು ಹಲ್ಲುಗಾಲಿಗಳಿರಲಿ ಹತ್ತಿರಲಿ ಅವು ಹೊಂದಿಕೊಳ್ಳುತ್ತವೆ. ಕಾರ್ಬನ್ ನಾರಿನ ಚೌಕಟ್ಟಿಗೆ ಮಾತ್ರ ಈ ಪಟ್ಟಿಯನ್ನು ಬಿಗಿಯಬಾರದು; ಅದು ಬಿರುಕು ಬಿಟ್ಟೀತು. ಕೆಟ್ಟ ಸನ್ನೆಯು ಬ್ರೇಕಿನ ಹಿಡಿಯಾಗಿ ತನ್ನ ಸ್ಥಾನದಲ್ಲಿಯೇ ಉಳಿದು ಕೆಲಸ ಮಾಡುತ್ತಿರುತ್ತದೆ. ಗೇರು ಬದಲಿಸಲು ಒಂದು ಕೈಯನ್ನು ಕೆಳಕ್ಕೆ ಚಾಚಬೇಕಾಗುತ್ತದೆ. ಚೈನಿನ ಸದ್ದಿಗೆ ಕಿವಿಗೊಡಬೇಕಾಗುತ್ತದೆ. ಒಂದು ವಾರದ ಅಭ್ಯಾಸದಲ್ಲಿ ಅದು ಕೈಗೆ ಹತ್ತುತ್ತದೆ.